ಪೀಠಿಕೆ ಬೇಡ, ಉಪಸಂಹಾರವೂ ಬೇಡ: ಮಕ್ಕಳಿಂದ ಅವರವರ ನೆನಪು ಬರೆಸುವುದು ಹೇಗೆ

ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ‘ನಿಮ್ಮ ಬಾಲ್ಯದ ಒಂದು ನೆನಪು ಬರೆಯಿರಿ’ ಅಂತ ಹೇಳಿ ನೋಡಿ. ಬಹುಪಾಲು ನೋಟ್‌ಬುಕ್ಕುಗಳು ‘ಬಾಲ್ಯವು ಮಾನವನ ಜೀವನದ ಸುವರ್ಣಕಾಲ’ ಅಂತ ಶುರುವಾಗುತ್ತವೆ. ‘ಆದ್ದರಿಂದ ನಾವೆಲ್ಲರೂ ಹಿರಿಯರನ್ನು ಗೌರವಿಸಬೇಕು’ ಅಂತ ಮುಗಿಯುತ್ತವೆ. ನಡುವೆ ಆ ಮಗು ಎಲ್ಲಿದೆ ಅಂತ ಹುಡುಕಿದರೆ ಸಿಗುವುದಿಲ್ಲ.

ಇದು ಮಕ್ಕಳ ತಪ್ಪಲ್ಲ. ಪ್ರಬಂಧ ಅಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಅಂತ ನಾವೇ ವರ್ಷಗಟ್ಟಲೆ ಹೇಳಿಕೊಟ್ಟಿದ್ದೇವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಅದು ಬೇಕು, ‘ಗ್ರಂಥಾಲಯಗಳ ಮಹತ್ವ’ ಬರೆಯುವಾಗ ಆ ಚೌಕಟ್ಟು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನೆನಪಿನ ಬರಹಕ್ಕೆ ಅದೇ ಚೌಕಟ್ಟು ಹಾಕಿದರೆ ಉಸಿರು ಕಟ್ಟುತ್ತದೆ. ಗ್ರಂಥಾಲಯದ ಬಗ್ಗೆ ಎಲ್ಲರೂ ಒಪ್ಪುವ ಮಾತು ಬರೆಯಬೇಕು. ನೆನಪಿನ ಬಗ್ಗೆ ಬರೆಯುವಾಗ ಬೇರೆ ಯಾರೂ ಬರೆಯೋಕೆ ಆಗದ ಮಾತು ಬರೆಯಬೇಕು. ಹಾಗಾಗಿ ಮೊದಲ ದಿನವೇ ಮಕ್ಕಳಿಗೆ ಬಾಯಿಬಿಟ್ಟು ಹೇಳಿ: ಪರೀಕ್ಷೆಯ ಪ್ರಬಂಧ ಬೇರೆ, ಇದು ಬೇರೆ, ಇಲ್ಲಿ ಪೀಠಿಕೆಯೂ ಇಲ್ಲ, ಉಪಸಂಹಾರವೂ ಇಲ್ಲ. ಎರಡನ್ನೂ ಬಿಟ್ಟು ಬರೆಯಬಹುದು ಅಂತ ಗೊತ್ತಾದ ಕೂಡಲೇ ಎಷ್ಟೋ ಮಕ್ಕಳು ನಿರಾಳವಾಗುತ್ತಾರೆ.

ಈ ಬರಹ ಹೈಸ್ಕೂಲು ಮತ್ತು ಪಿಯು ಕನ್ನಡ ಮೇಷ್ಟ್ರುಗಳಿಗೆ, ಟೀಚರುಗಳಿಗೆ. ಮನೆಯಲ್ಲಿ ಮಕ್ಕಳಿಂದ ಬರೆಸಬೇಕು ಅಂತಿರುವ ಅಪ್ಪ ಅಮ್ಮಂದಿರೂ ಇದರಲ್ಲಿ ಅರ್ಧದಷ್ಟನ್ನು ಮಾಡಬಹುದು.

ಮೊದಲು ಓದಿಸಿ

ಬರೆಸುವ ಆತುರ ಬೇಡ. ಮೂರ್ನಾಲ್ಕು ಪೀರಿಯಡ್ ಬರೀ ಓದಿಗೇ ಕೊಡಿ, ಅದೂ ಗಟ್ಟಿಯಾಗಿ ಓದುವುದಕ್ಕೆ. ಪೂರ್ತಿ ಪುಸ್ತಕ ಬೇಡ, ಎರಡು ಮೂರು ಪುಟ ಸಾಕು.

ನಾನು ಎಲ್ಲಕ್ಕಿಂತ ಮೊದಲು ಆರಿಸುವುದು ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯ ಒಂದು ಪುಟ್ಟ ಪ್ರಸಂಗ. ಮಾಗಡಿ ತಾಲ್ಲೂಕಿನ ಮಂಚನಬೆಲೆ. ಹುಡುಗ ದೂರದಿಂದ ಒಂದು ಹೊಲದ ಕಡೆ ನೋಡುತ್ತಾನೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗ ಇದೆ, ಹಿಂದಿನಿಂದ ಇನ್ನೊಬ್ಬ ಉಳುತ್ತಿದ್ದಾನೆ. ಎತ್ತುಗಳ ಹಾಗೆ ಅವರು ಆ ಕಡೆ ಈ ಕಡೆ ಹೋಗಿಬರುವುದು ಹುಡುಗನಿಗೆ ಮೋಜು. ಆಮೇಲೆ ಗೊತ್ತಾಗುತ್ತದೆ, ನೊಗ ಹೊತ್ತವರಲ್ಲಿ ಒಬ್ಬರು ತನ್ನ ಅಪ್ಪ.

ಇದನ್ನು ಕ್ಲಾಸಿನಲ್ಲಿ ಓದುವಾಗ ಅಪ್ಪನ ವಿಷಯ ಬರುವ ಸಾಲಿಗೆ ಮೊದಲೇ ನಿಲ್ಲಿಸಿ. ‘ಈ ಹುಡುಗನಿಗೆ ಏನನ್ನಿಸುತ್ತಿದೆ?’ ಅಂತ ಕೇಳಿ. ನಗು ಬರ್ತಿದೆ ಸಾರ್ ಅಂತಾರೆ, ಕೆಲವರು ತಾವೂ ನಗುತ್ತಾರೆ. ನಗಲಿ, ತಡೆಯಬೇಡಿ. ಆಮೇಲೆ ಮುಂದಿನ ಸಾಲು ಓದಿ. ಓದಿದ ಮೇಲೆ ನೀವೇನೂ ಹೇಳಬೇಡಿ. ದಲಿತರ ಬದುಕು, ಜಾತಿ, ಜೀತ ಎಲ್ಲದರ ವಿವರಣೆ ಕೊಡಲೇಬೇಕು, ಅದನ್ನು ಕೊಡದೆ ಮುಂದೆ ಹೋಗುವುದು ತಪ್ಪು, ಆದರೆ ಅದು ಐದು ನಿಮಿಷದ ನಂತರ. ಮೊದಲು ಈ ಎರಡು ಪ್ರಶ್ನೆ: ಮೋಜು ಅನ್ನಿಸಿದ್ದು ಯಾರಿಗೆ? ಇದನ್ನು ಬರೆದದ್ದು ಯಾರು?

ಉತ್ತರ ಒಂದೇ ಹೆಸರು, ಆದರೆ ಇಬ್ಬರು ಮನುಷ್ಯರು. ಹೊಲ ನೋಡಿದ್ದು ಏನೂ ತಿಳಿಯದ ಚಿಕ್ಕ ಹುಡುಗ. ಬರೆದದ್ದು ಎಲ್ಲಾ ತಿಳಿದ ದೊಡ್ಡವರು, ಕವಿ, ಮೇಷ್ಟ್ರು. ಆ ದೊಡ್ಡವರು ‘ನಮ್ಮಪ್ಪನಿಗೆ ಎಂಥಾ ಅನ್ಯಾಯವಾಯಿತು’ ಅಂತ ಮೊದಲೇ ಹೇಳಿಬಿಟ್ಟಿದ್ದರೆ ನಾವು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು. ಅವರು ಹುಡುಗನ ಮೋಜನ್ನು ಮುಚ್ಚಿಡಲಿಲ್ಲ. ಅದಕ್ಕೇ ಆ ಸಾಲು ನಮ್ಮನ್ನು ಬಿಡುವುದಿಲ್ಲ. ಈ ಇಬ್ಬರನ್ನು, ಅಂದರೆ ಅನುಭವಿಸಿದ ಮಗುವನ್ನೂ ಬರೆಯುತ್ತಿರುವ ದೊಡ್ಡವರನ್ನೂ, ಬೇರೆ ಬೇರೆಯಾಗಿ ಗುರುತಿಸೋಕೆ ಬಂದರೆ ನೆನಪಿನ ಬರಹ ಓದುವುದು ಮುಕ್ಕಾಲು ಬಂದ ಹಾಗೆ. ಬರೆಯುವುದು ಅರ್ಧ ಬಂದ ಹಾಗೆ. ಮಿಕ್ಕಿದ್ದೆಲ್ಲ ಅಭ್ಯಾಸ.

ಇದಕ್ಕೆ ಎರಡು ಬಣ್ಣದ ಪೆನ್ಸಿಲ್ ಕೊಡಿ. ಜೆರಾಕ್ಸ್ ಪ್ರತಿಯಲ್ಲಿ ಮಗುವಿನ ಕಣ್ಣಿಗೆ ಕಂಡಿದ್ದಕ್ಕೆಲ್ಲ ಒಂದು ಬಣ್ಣದಲ್ಲಿ ಗೆರೆ ಎಳೆಯಲಿ. ದೊಡ್ಡವರಾದ ಮೇಲೆ ಹೊಳೆದದ್ದಕ್ಕೆ ಇನ್ನೊಂದು ಬಣ್ಣ. ಕೆಲವು ಸಾಲಿನ ಬಗ್ಗೆ ಜಗಳ ಆಗುತ್ತದೆ, ಅದು ಒಳ್ಳೆಯದು, ಆ ಜಗಳದಲ್ಲೇ ಅವರು ನಿಜವಾಗಿ ಓದುವುದು.

ಒಂದು ಎಚ್ಚರ. ಇಂಥ ಪಾಠ ಓದುವಾಗ ನಮಗೇ ಗೊತ್ತಿಲ್ಲದೆ ಕಣ್ಣು ಕ್ಲಾಸಿನಲ್ಲಿರುವ ದಲಿತ ಮಕ್ಕಳ ಕಡೆ ಹೋಗುತ್ತದೆ. ಹೋಗಬಾರದು. ‘ನಿಮ್ಮ ಕಡೆ ಹೇಗಪ್ಪಾ?’ ಅಂತ ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಿ ಕೇಳಬಾರದು. ಅವರು ತಾವಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಎರಡನೇ ಓದಿಗೆ ನಗಿಸುವಂಥದ್ದು ಬೇಕು, ಯಾಕಂದರೆ ನೆನಪು ಅಂದರೆ ದುಃಖವೇ ಆಗಿರಬೇಕು ಅಂತ ಮಕ್ಕಳು ಬೇಗ ತೀರ್ಮಾನ ಮಾಡಿಬಿಡುತ್ತಾರೆ. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ 1933ರಲ್ಲಿ ಬಂದ ಪುಸ್ತಕ, ಅದರಲ್ಲಿರುವ ‘ಅಜ್ಜಯ್ಯನ ಅಭ್ಯಂಜನ’ ಇದಕ್ಕೆ ಹೇಳಿ ಮಾಡಿಸಿದ್ದು. ಒಬ್ಬ ಮುದುಕರ ಎಣ್ಣೆಸ್ನಾನ, ಅಷ್ಟೇ ವಿಷಯ. ಇಷ್ಟು ಸಣ್ಣ ವಿಷಯದ ಮೇಲೂ ಬರೆಯಬಹುದು ಅಂತ ಮಕ್ಕಳಿಗೆ ಕಾಣಬೇಕು. ಉತ್ತರ ಕರ್ನಾಟಕದ ಶಾಲೆಯಾದರೆ ಅರವಿಂದ ಮಾಲಗತ್ತಿಯವರ ಆತ್ಮಕಥೆ ‘ಗೌರ್ಮೆಂಟ್ ಬ್ರಾಹ್ಮಣ’ದಿಂದ ಒಂದು ಭಾಗ ಆರಿಸಿಕೊಳ್ಳಿ. ತೇಜಸ್ವಿಯವರ ‘ಅಣ್ಣನ ನೆನಪು’ ಇನ್ನೊಂದು ಕಾರಣಕ್ಕೆ ಉಪಯೋಗಕ್ಕೆ ಬರುತ್ತದೆ: ಅಲ್ಲಿ ಬರೆಯುವವರು ಮಗ, ಆದರೆ ನಡುವೆ ನಿಂತಿರುವುದು ಅಪ್ಪ ಕುವೆಂಪು. ಹುಟ್ಟಿದ ದಿನದಿಂದ ಇವತ್ತಿನವರೆಗೆ ಎಲ್ಲವನ್ನೂ ಬರೆಯಬೇಕಾಗಿಲ್ಲ, ಒಬ್ಬ ಮನುಷ್ಯನ ಬಗ್ಗೆ ನನಗೆ ಕಂಡಷ್ಟು ಬರೆದರೂ ಅದು ನನ್ನ ನೆನಪೇ ಅಂತ ಇದರಿಂದ ತೋರಿಸಬಹುದು.

ಬೆಳೆದು ದೊಡ್ಡವರಾಗುವ ಕಥೆಗಳು

ಪಿಯು ಮಕ್ಕಳಿಗೆ ಇಲ್ಲಿಂದ ಕಥೆಗೆ ಹೋಗಿ. ಅನಂತಮೂರ್ತಿಯವರ ‘ಘಟಶ್ರಾದ್ಧ’ಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಉಡುಪರ ಪಾಠಶಾಲೆಗೆ ಬಂದ ಪುಟ್ಟ ಹುಡುಗ ನಾಣಿ. ಉಡುಪರ ಮಗಳು, ವಿಧವೆ ಯಮುನಕ್ಕ, ಅವನನ್ನು ಪ್ರೀತಿಯಿಂದ ನೋಡಿಕೊಳ್ಳುತ್ತಾಳೆ. ಅವಳು ಬಸುರಿ ಅನ್ನುವುದು, ಸುತ್ತಲಿನವರು ಪಿಸುಗುಡುತ್ತಿರುವುದು, ಕೊನೆಗೆ ಬದುಕಿರುವ ಮಗಳಿಗೇ ಅಪ್ಪ ಘಟಶ್ರಾದ್ಧ ಮಾಡುವುದು, ಅಂದರೆ ಸತ್ತವರಿಗೆ ಮಾಡುವ ಹಾಗೆ ಶ್ರಾದ್ಧ ಮಾಡಿ ಜಾತಿಯಿಂದ ಹೊರಹಾಕುವುದು, ಎಲ್ಲವೂ ನಾಣಿಯ ಕಣ್ಣೆದುರೇ ನಡೆಯುತ್ತದೆ. ಅವನಿಗೆ ಕಾಣುತ್ತದೆ, ಪೂರ್ತಿ ಅರ್ಥವಾಗುವುದಿಲ್ಲ. ಓದುವ ನಮಗೆ ಅರ್ಥವಾಗುತ್ತದೆ. ಬೋರ್ಡಿನ ಮೇಲೆ ಎರಡು ಕಾಲಮ್ ಹಾಕಿ, ‘ನಾಣಿಗೆ ಗೊತ್ತಿರುವುದು’, ‘ನಮಗೆ ಗೊತ್ತಾಗಿದ್ದು’. ಕಥೆ ಮುಂದೆ ಹೋದ ಹಾಗೆ ಮೊದಲನೇ ಕಾಲಮ್ ಎರಡನೆಯದರ ಹತ್ತಿರ ಬರುತ್ತದೆ. ಹುಡುಗ ಬೆಳೆಯುವುದು ಅಂದರೆ ಅದೇ, ವಯಸ್ಸು ಜಾಸ್ತಿ ಆಗುವುದಲ್ಲ. ಗಿರೀಶ್ ಕಾಸರವಳ್ಳಿ 1977ರಲ್ಲಿ ಇದನ್ನು ಸಿನಿಮಾ ಮಾಡಿದರು. ಸಮಯವಿದ್ದರೆ ಒಂದು ದೃಶ್ಯ ತೋರಿಸಿ, ಕ್ಯಾಮೆರಾ ಯಾರ ಕಣ್ಣಿನಿಂದ ನೋಡುತ್ತಿದೆ ಅಂತ ಕೇಳಿ.

ಹೈಸ್ಕೂಲಿನವರಿಗೆ ಈ ಕಥೆ ಸ್ವಲ್ಪ ಭಾರ. ಅಲ್ಲಿ ಬೇಡ.

ಏನು ಬರೆಯಬೇಕು ಅಂತ ಹುಡುಕುವುದು

‘ಮರೆಯಲಾಗದ ಘಟನೆ’ ಅಂತ ಕೇಳಿದರೆ ಮೂರೇ ಸಿಗುತ್ತವೆ: ಅಜ್ಜ ತೀರಿಹೋದದ್ದು, ಪ್ರವಾಸ ಹೋದದ್ದು, ಬಹುಮಾನ ಬಂದದ್ದು. ಹಾಗೆ ಕೇಳಬೇಡಿ. ಬದಲಿಗೆ ಹೀಗೆ ಕೇಳಿ: ‘ಚಿಕ್ಕವರಿದ್ದಾಗ ನಿಜ ಅಂತ ನಂಬಿದ್ದ ಒಂದು ವಿಷಯ ಯಾವುದು? ಅದು ಹಾಗಲ್ಲ ಅಂತ ಯಾವಾಗ ಗೊತ್ತಾಯಿತು? ಗೊತ್ತಾದಾಗ ಎಲ್ಲಿ ನಿಂತಿದ್ದೆ?’ ಕೊನೆಯ ಪ್ರಶ್ನೆಯನ್ನು ಮರೆಯಬೇಡಿ. ಎಲ್ಲಿ ನಿಂತಿದ್ದೆ ಅಂತ ಕೇಳಿದಾಗಲೇ ಜಗಲಿ, ಬಸ್‌ಸ್ಟಾಂಡು, ಹಿತ್ತಿಲು ನೆನಪಾಗುವುದು.

ಹೊಳೆಯದಿದ್ದರೆ ಒಂದೊಂದೇ ಎಳೆ ಕೊಡಿ. ಮೊದಲ ಸಲ ಒಬ್ಬರೇ ಅಂಗಡಿಗೆ ಹೋಗಿ ಚಿಲ್ಲರೆ ಎಣಿಸಿದ್ದು. ಅಮ್ಮನಿಗೆ ಸಹಿ ಮಾಡೋಕೆ ಬರುವುದಿಲ್ಲ ಅಂತ ಗೊತ್ತಾದದ್ದು. ಗೆಳೆಯನ ಮನೆಯಲ್ಲಿ ಅಡುಗೆಮನೆಯ ಹೊಸ್ತಿಲಲ್ಲೇ ನಿಲ್ಲಿಸಿದ್ದು. ಮೊರಾರ್ಜಿ ದೇಸಾಯಿ ವಸತಿ ಶಾಲೆಗೆ ಸೇರಿದ ಮೊದಲ ರಾತ್ರಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಮ್ಮಿನಲ್ಲಿ ಕ್ಲಾಸಿಗೇ ಮೊದಲಿಗರಾಗಿದ್ದು, ಪಿಯು ಸೈನ್ಸಿಗೆ ಸೇರಿದ ವಾರದಲ್ಲಿ ಫಿಸಿಕ್ಸ್ ಪಾಠ ಒಂದಕ್ಷರ ಅರ್ಥವಾಗದೆ ಕೂತಿದ್ದು. ಈ ಕೊನೆಯದನ್ನು ಪಿಯು ಮಕ್ಕಳ ಮುಂದೆ ಹೇಳಿ ನೋಡಿ, ಎಷ್ಟೋ ಮಕ್ಕಳಿಗೆ ಅದು ಆಗಿರುತ್ತದೆ, ಆದರೆ ಅದೂ ಬರೆಯಬಹುದಾದ ವಿಷಯ ಅಂತ ಯಾರೂ ಅವರಿಗೆ ಹೇಳಿರುವುದಿಲ್ಲ.

ಬರೆಯುವುದಕ್ಕೆ ಮೊದಲು ಬಾಯಲ್ಲಿ ಹೇಳಲಿ. ಇಬ್ಬಿಬ್ಬರು ಕೂತು ಒಬ್ಬರಿಗೊಬ್ಬರು ಹೇಳಿಕೊಳ್ಳಲಿ. ಹೇಳುವಾಗ ಯಾರೂ ‘ಬಾಲ್ಯವು ಸುವರ್ಣಕಾಲ’ ಅನ್ನುವುದಿಲ್ಲ, ಅಲ್ವಾ? ಸೀದಾ ‘ಅವತ್ತು ಏನಾಯ್ತು ಗೊತ್ತಾ’ ಅಂತಲೇ ಶುರು. ಹೇಳಿ ಮುಗಿದ ತಕ್ಷಣ, ಬಿಸಿ ಆರುವ ಮೊದಲು, ಹಾಗೇ ಬರೆಯಲಿ. ಹದಿನೈದು ನಿಮಿಷ, ಹೊಡೆದುಹಾಕುವಂತಿಲ್ಲ, ತಿದ್ದುವಂತಿಲ್ಲ.

ಒಂದು ಮಾದರಿ

ಅಜ್ಜಿಯ ಬಗ್ಗೆ ಬರೆಯೋಕೆ ಹೇಳಿದರೆ ಬರುವ ಸಾಲುಗಳು ಹೀಗಿರುತ್ತವೆ: ‘ನನ್ನ ಅಜ್ಜಿ ತ್ಯಾಗಮಯಿ. ಅವರು ತುಂಬಾ ಕಷ್ಟಪಟ್ಟು ನಮ್ಮನ್ನು ಸಾಕಿದರು. ಅವರ ಜೀವನವೇ ನನಗೆ ಸ್ಫೂರ್ತಿ.’ ಸುಳ್ಳೇನಲ್ಲ. ಆದರೆ ಇದು ಯಾರ ಅಜ್ಜಿ ಬೇಕಾದರೂ ಆಗಬಹುದು.

ಇದರ ಪಕ್ಕದಲ್ಲಿ ನಾನೇ ಕ್ಲಾಸಿಗೆಂದು ಬರೆದ ಈ ತುಣುಕನ್ನು ಇಡುತ್ತೇನೆ. ನೀವೂ ಬಳಸಿಕೊಳ್ಳಬಹುದು.

‘ಸೊಸೈಟಿ ಅಂಗಡಿಯ ಮಿಷನ್ನು ಅಜ್ಜಿಯ ಹೆಬ್ಬೆಟ್ಟು ತಗೊಳ್ಳಲಿಲ್ಲ. ಒರೆಸ್ಕೊಂಡು ಒತ್ತು ಅಜ್ಜಿ ಅಂದ ಅಂಗಡಿಯವನು. ಅಜ್ಜಿ ಸೆರಗಿಗೆ ಒರೆಸಿ ಒತ್ತಿದಳು. ಬರಲಿಲ್ಲ. ತಲೆಗೂದಲಿಗೆ ಉಜ್ಜಿ ಒತ್ತಿದಳು. ಬರಲಿಲ್ಲ. ಬೇರೆ ಬೆರಳು ಇಡು ಅಂದ. ಹಿಂದೆ ಲೈನಿನಲ್ಲಿ ನಿಂತವರು ಗೊಣಗೋಕೆ ಶುರು ಮಾಡಿದರು. ನಮ್ಮ ಕ್ಲಾಸಿನ ಹುಡುಗಿಯೂ ಲೈನಿನಲ್ಲಿದ್ದಳು. ನಾನು ಅಕ್ಕಿ ಚೀಲ ಹಿಡಿದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು, ಅಜ್ಜಿ ಯಾರೋ ನಾನು ಯಾರೋ ಅನ್ನುವ ಹಾಗೆ ನಿಂತೆ. ಗಾರೆ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದುಹೋಗಿರುತ್ತದೆ ಅಂತ ನನಗೆ ಆಮೇಲೆ ತಿಳಿಯಿತು.’

ಇದನ್ನು ಓದಿ, ಅದೇ ಎರಡು ಬಣ್ಣದ ಪೆನ್ಸಿಲ್ ಕೊಡಿ. ಕೊನೆಯ ವಾಕ್ಯ ಒಂದೇ ದೊಡ್ಡವನದ್ದು, ಮಿಕ್ಕಿದ್ದೆಲ್ಲ ಹುಡುಗನದ್ದು ಅಂತ ಬೇಗ ಹಿಡಿಯುತ್ತಾರೆ. ಆಮೇಲೆ ಕೇಳಿ: ಅಜ್ಜಿ ಕಷ್ಟಪಟ್ಟಿದ್ದಾಳೆ ಅಂತ ಎಲ್ಲಿ ಬರೆದಿದೆ? ಎಲ್ಲೂ ಇಲ್ಲ. ಗೊತ್ತಾಯಿತಾ? ಗೊತ್ತಾಯಿತು. ಹೇಗೆ? ಈ ‘ಹೇಗೆ’ ಮೇಲೆ ಒಂದು ಪೂರ್ತಿ ಪೀರಿಯಡ್ ಕಳೆದರೂ ನಷ್ಟವಿಲ್ಲ. ಎರಡು ಹೆಜ್ಜೆ ಹಿಂದೆ ಸರಿದದ್ದನ್ನು ಬಿಟ್ಟು ಓದಿ ನೋಡಲು ಹೇಳಿ. ಆ ವಾಕ್ಯ ತೆಗೆದರೆ ಅಜ್ಜಿಯ ಮೇಲೆ ಬರೀ ಕನಿಕರ ಉಳಿಯುತ್ತದೆ, ಬರೆಯುವವನು ಒಳ್ಳೆಯ ಹುಡುಗನಾಗಿಬಿಡುತ್ತಾನೆ. ಮಕ್ಕಳು ತಮ್ಮನ್ನು ಒಳ್ಳೆಯವರನ್ನಾಗಿ ತೋರಿಸಿಕೊಳ್ಳುವುದನ್ನು ಬಿಡುವುದು ತುಂಬಾ ಕಷ್ಟದ ಹೆಜ್ಜೆ. ಅದಕ್ಕೆ ಧೈರ್ಯ ಬೇಕು, ಅವಸರ ಮಾಡಿ ತಳ್ಳಬೇಡಿ.

ಬೋರ್ಡಿನ ಒಂದು ಮೂಲೆಯಲ್ಲಿ ಬಳಸಬಾರದ ಮಾತುಗಳನ್ನು ಬರೆದಿಡಿ: ಮರೆಯಲಾಗದ, ಅವಿಸ್ಮರಣೀಯ, ತ್ಯಾಗಮಯಿ, ಸುವರ್ಣಕಾಲ, ಸ್ಫೂರ್ತಿ, ಮಧುರ. ಮಕ್ಕಳೂ ಸೇರಿಸಲಿ. ಅಂಥ ಮಾತು ಬರೆಯಬೇಕು ಅನ್ನಿಸಿದ ಕಡೆ ಯಾರಾದರೂ ಏನೋ ಮಾಡಿದ್ದನ್ನು ಅಥವಾ ಆಡಿದ್ದನ್ನು ಬರೆಯಬೇಕು.

ಮನೆಯ ಮಾತು ಹಾಗೇ ಇರಲಿ

ಸಂಭಾಷಣೆ ಬಂದ ಕಡೆ ಮಕ್ಕಳು ತಮ್ಮ ಅಮ್ಮನ ಬಾಯಿಗೆ ಪಠ್ಯಪುಸ್ತಕದ ಕನ್ನಡ ತುರುಕುತ್ತಾರೆ. ಧಾರವಾಡದ ಅಜ್ಜಿ ‘ನೀನು ಎಲ್ಲಿಗೆ ಹೋಗುತ್ತಿರುವೆ ಮಗು?’ ಅನ್ನುತ್ತಾಳೆ. ಅವಳು ಅನ್ನುವುದು ‘ಎಲ್ಲಿಗ್ ಹೊಂಟೀಯೋ?’ ಅಂತ. ಅದನ್ನೇ ಬರೆಯಲಿ. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು, ಲಂಬಾಣಿ ಆಡುವ ಮಕ್ಕಳು ಕ್ಲಾಸಿನಲ್ಲಿ ಇದ್ದೇ ಇರುತ್ತಾರೆ. ಅಮ್ಮ ಬೈದದ್ದು ತುಳುವಿನಲ್ಲಿ ಆದರೆ ತುಳುವಿನಲ್ಲೇ, ಕನ್ನಡ ಅಕ್ಷರದಲ್ಲಿ ಬರೆಯಲಿ. ಹಿಂದುಮುಂದಿನ ಮಾತಿನಿಂದಲೇ ಅರ್ಥ ಗೊತ್ತಾಗುತ್ತದೆ, ಗೊತ್ತಾಗದಿದ್ದರೆ ಪಕ್ಕದ ವಾಕ್ಯದಲ್ಲಿ ಸೂಚನೆ ಕೊಟ್ಟರಾಯಿತು. ಮನೆಮಾತು ಶಾಲೆಯ ನೋಟ್‌ಬುಕ್ಕಿನೊಳಗೆ ಬರಬಹುದು ಅಂತ ತಿಳಿದ ಮಗು ಎಷ್ಟು ಉತ್ಸಾಹದಿಂದ ಬರೆಯುತ್ತದೆ ಅನ್ನುವುದನ್ನು ನೀವೇ ನೋಡುತ್ತೀರಿ.

ಮೊದಲ ಕರಡಿನ ಮೇಲೆ ಕೆಂಪು ಪೆನ್ನು ಬೇಡ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ ಎಲ್ಲವನ್ನೂ ಕೊನೆಯ ಪ್ರತಿ ಬರೆಯುವಾಗ ತಿದ್ದೋಣ. ಕರಡಿನಲ್ಲಿ ನೀವು ಬರೆಯುವುದು ಪ್ರಶ್ನೆ ಮಾತ್ರ. ‘ಆಗ ನಿನ್ನ ಕೈಯಲ್ಲಿ ಏನಿತ್ತು?’ ‘ಅಪ್ಪ ಉತ್ತರ ಕೊಟ್ಟರಾ, ಸುಮ್ನಿದ್ದರಾ?’ ಒಂದು ಕರಡಿಗೆ ಎರಡು ಪ್ರಶ್ನೆ ಸಾಕು. ಪಕ್ಕದ ಗೆಳೆಯ ಗೆಳತಿಯರಿಗೂ ಇದೇ ನಿಯಮ: ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನುವಂತಿಲ್ಲ, ಕೇಳಬೇಕು ಅಷ್ಟೇ.

ನೆನಪಿಲ್ಲದ್ದನ್ನು ಏನು ಮಾಡುವುದು ಅಂತ ಮಕ್ಕಳು ಕೇಳೇ ಕೇಳುತ್ತಾರೆ. ನಿಜ ಅಂತ ಹೇಳಿ ಬರೆಯುವಾಗ ಕಟ್ಟುವಂತಿಲ್ಲ. ಮನೆಯಲ್ಲಿ ಕೇಳಿಕೊಂಡು ಬರಲಿ. ಅಕ್ಕ ಬೇರೆಯೇ ಹೇಳಿದರೆ ‘ಅಕ್ಕ ಹೇಳುವ ಪ್ರಕಾರ ಅವತ್ತು ಮಳೆಯೇ ಇರಲಿಲ್ಲ’ ಅಂತ ಅದನ್ನೂ ಸೇರಿಸಲಿ, ಬರಹ ಇನ್ನೂ ಚೆನ್ನಾಗುತ್ತದೆ. ಕಟ್ಟಿ ಬರೆಯಬೇಕು ಅನ್ನಿಸಿದವರಿಗೆ ಕಥೆ ಇದೆ. ಅದೇ ಪುಟವನ್ನು ತೆಗೆದುಕೊಂಡು, ‘ನಾನು’ ತೆಗೆದು ಬೇರೆ ಹೆಸರಿಟ್ಟು, ನಡೆದದ್ದರಲ್ಲಿ ಒಂದೇ ಒಂದು ಸಂಗತಿ ಬದಲಿಸಿ ಮತ್ತೆ ಬರೆಯಲಿ. ಮೇಲಿನ ತುಣುಕಿನಲ್ಲಿ ಆ ಹುಡುಗ ಹಿಂದೆ ಸರಿಯದೆ ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದರೆ? ಅಲ್ಲಿಂದ ಕಥೆ ತನ್ನ ದಾರಿ ಹಿಡಿಯುತ್ತದೆ. ಮನೆಯ ಗುಟ್ಟು ಹೊರಗೆ ಬರಬಾರದು ಅನ್ನುವ ಮಕ್ಕಳಿಗೂ ಈ ದಾರಿ ಒಳ್ಳೆಯದು.

ಮಗು ನಂಬಿ ಬರೆದದ್ದನ್ನು ಕಾಪಾಡುವುದು

ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ನೀವು ಸರಿಯಾಗಿ ಕಲಿಸಿದರೆ ಮಕ್ಕಳು ನಿಜ ಬರೆಯುತ್ತಾರೆ. ಅಪ್ಪನ ಕುಡಿತ, ಹಸಿವು, ಸಾಲ, ಜಾತಿಯ ಅವಮಾನ ಎಲ್ಲವೂ ಬರುತ್ತದೆ. ಯಾರ ಬರಹವನ್ನೂ ಅವರ ಒಪ್ಪಿಗೆ ಇಲ್ಲದೆ ಕ್ಲಾಸಿನಲ್ಲಿ ಓದಬಾರದು. ಸ್ಟಾಫ್‌ರೂಮಿನಲ್ಲಿ ಅದರ ಬಗ್ಗೆ ಮಾತಾಡಬಾರದು, ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಲೇಬಾರದು. ನೀವೂ ಓದುವುದು ಬೇಡ ಅನ್ನಿಸಿದ ಪುಟವನ್ನು ಮಕ್ಕಳು ಮಡಿಚಿ ಪಿನ್ನು ಹಾಕಿ ಕೊಡಲಿ, ಮಡಿಚಿದ್ದನ್ನು ಬಿಚ್ಚಬೇಡಿ. ಹೆಣ್ಣುಮಕ್ಕಳು ಮುಟ್ಟಿನ ಬಗ್ಗೆ, ದೊಡ್ಡವರಾದ ದಿನದ ಬಗ್ಗೆ ಬರೆಯೋಕೆ ಇಷ್ಟಪಟ್ಟರೆ ಅದನ್ನು ಒಬ್ಬ ಮೇಡಂ ಮಾತ್ರ ಓದುವ ವ್ಯವಸ್ಥೆ ಮಾಡಿ.

ಒಂದು ವಿಷಯದಲ್ಲಿ ಮಾತ್ರ ಗುಟ್ಟು ಕಾಪಾಡಲು ಆಗುವುದಿಲ್ಲ, ಅದನ್ನು ಬರೆಸುವ ಮೊದಲೇ ಮಕ್ಕಳಿಗೆ ತಿಳಿಸಬೇಕು. ಯಾರಾದರೂ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದಾರೆ ಅಂತ ಬರಹದಿಂದ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ‘ನಿಮಗೆ ಅಪಾಯ ಇದೆ ಅಂತ ಗೊತ್ತಾದರೆ ನಾನು ಸುಮ್ನೆ ಕೂರುವುದಿಲ್ಲ, ಸಹಾಯ ಮಾಡುವವರಿಗೆ ಹೇಳುತ್ತೇನೆ, ಹೇಳುವ ಮೊದಲು ನಿಮ್ಮ ಜೊತೆ ಮಾತಾಡುತ್ತೇನೆ’ ಅಂತ ಮೊದಲ ದಿನವೇ ನೇರವಾಗಿ ಹೇಳಿ. ಮಕ್ಕಳ ಸಹಾಯವಾಣಿ 1098 ಅನ್ನು ಬೋರ್ಡಿನ ಮೇಲೆ ಬರೆಯಿರಿ. ಅಂಥ ಮಗುವಿಗೆ ‘ಇದನ್ನು ಇನ್ನಷ್ಟು ವಿವರವಾಗಿ ಬರಿ’ ಅಂತ ಎಂದೂ ಹೇಳಬೇಡಿ. ಅಲ್ಲಿಗೆ ಬರವಣಿಗೆಯ ಪಾಠ ನಿಲ್ಲಿಸಿ, ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಇದನ್ನು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಯಾಗಿ ಮಾಡಿಸುವುದಾದರೆ ಅಂಕ ಕೊಡುವುದು ಬದುಕಿಗಲ್ಲ. ಯಾರ ಕಷ್ಟ ದೊಡ್ಡದು ಅಂತ ನೋಡಿ ಅಂಕ ಹಾಕಿದರೆ ಮುಂದಿನ ಸಲ ಎಲ್ಲರೂ ಕಷ್ಟವನ್ನೇ ಕಟ್ಟಿ ತರುತ್ತಾರೆ. ಕರಡಿನಿಂದ ಕೊನೆಯ ಪ್ರತಿಗೆ ಏನೇನು ಬದಲಾಯಿತು ಅನ್ನುವುದಕ್ಕೆ ಅಂಕ ಕೊಡಿ. ಪ್ರಶ್ನೆಗೆ ಬರಹದೊಳಗೇ ಉತ್ತರ ಬಂತಾ, ಒಂದು ದೃಶ್ಯವಾದರೂ ಕಣ್ಣಿಗೆ ಕಾಣುತ್ತದಾ, ಆಡಿದ ಮಾತು ಆಡಿದ ಹಾಗೆ ಇದೆಯಾ, ಇಷ್ಟು ನೋಡಿದರೆ ಸಾಕು.

ಕೊನೆಯ ಪ್ರತಿ ಬರೆಯುವ ಮೊದಲು ಒಂದು ಕೆಲಸ ಇದೆ. ಕೊನೆಯ ಪ್ಯಾರಾ ಮೇಲೆ ಕೈ ಮುಚ್ಚಿಕೊಂಡು ಇಡೀ ಬರಹ ಓದಲು ಹೇಳಿ. ಅದಿಲ್ಲದೆಯೂ ಅರ್ಥವಾದರೆ ಅದನ್ನು ತೆಗೆದುಹಾಕಲಿ. ಅಲ್ಲಿ ಇರುವುದು ಸಾಮಾನ್ಯವಾಗಿ ನೀತಿ. ಮೊದಲ ಪ್ಯಾರಾಗೂ ಹೀಗೇ ಮಾಡಿ.

ಆಮೇಲೆ ಒಂದು ಕೈಬರಹದ ಪತ್ರಿಕೆ ಮಾಡಿ, ಒಪ್ಪಿಗೆ ಕೊಟ್ಟವರ ಬರಹ ಮಾತ್ರ ಹಾಕಿ. ಬೇಕೆಂದವರು ಬೇರೆ ಹೆಸರು ಇಟ್ಟುಕೊಳ್ಳಲಿ. ಬರಹದಲ್ಲಿ ಮನೆಯವರು ಅಥವಾ ಊರಿನವರು ಬಂದಿದ್ದರೆ ಅವರ ಹೆಸರನ್ನೂ ಬದಲಿಸಿ. ಒಂದು ಪ್ರತಿ ಲೈಬ್ರರಿಗೆ ಕೊಡಿ. ಮುಂದಿನ ವರ್ಷದ ಮಕ್ಕಳಿಗೆ ಮೊದಲ ಓದಿಗೆ ಅದನ್ನೇ ಕೊಡಬಹುದು.